ಗಡಿಯಾರದವರ ಕಿಟಕಿಗಳು

ಊರಿನ ಎತ್ತರದ ಕಿಟಕಿಗಳನ್ನೆಲ್ಲ ತೊಳೆದೂ ಮೈಮೇಲೆ ಒಂದು ಗೀರು ಮಾಡಿಕೊಳ್ಳದಿದ್ದ ಮನುಷ್ಯ, ತನ್ನದೇ ಅಡುಗೆಮನೆಯಲ್ಲಿ ಬಲ್ಬು ಬದಲಾಯಿಸಲು ಸ್ಟೂಲು ಹತ್ತಿ ಬಿದ್ದು ಹಿಮ್ಮಡಿಯ ಮೂಳೆ ಮುರಿದುಕೊಂಡ. ಸದ್ದು ಕೇಳಿ ಮೊದಲು ಓಡಿ ಬಂದವಳು ಅವನ ತಾಯಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ವಯಸ್ಸೆಲ್ಲ ಚಾದರಗಳಿಗೆ ಇಸ್ತ್ರಿ ಹಾಕಿ ನಿವೃತ್ತಳಾದ ಆಕೆಯನ್ನು ಓಣಿಯವರು ಇಸ್ತ್ರಿ ಅಜ್ಜಿ ಎನ್ನುತ್ತಿದ್ದರು. ಬಟ್ಟೆಯಲ್ಲಾಗಲಿ ಮಾತಿನಲ್ಲಾಗಲಿ ಸುಕ್ಕು ಕಂಡರೆ ಆಕೆಗೆ ಆಗುತ್ತಿರಲಿಲ್ಲ.

"ಬಲ್ಬು ಒಡೆದು ಹೋಯ್ತಾ?" ನೆಲದ ಮೇಲೆ ಬಿದ್ದಿದ್ದ ಮಗ ಕೇಳಿದ.

"ಬಲ್ಬು ಗಟ್ಟಿಯಾಗಿದೆ. ಒಡೆದಿರೋದು ನೀನು," ಎಂದಳು ಅಜ್ಜಿ.

ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಗ ಆಸ್ಪತ್ರೆಯಿಂದ ಬಂದ. ನಡುಮನೆಯ ಮಂಚವೇ ಅವನ ಲೋಕವಾಯಿತು. ಮೊದಲ ವಾರ ಎಲ್ಲರೂ ಅಯ್ಯೋ ಪಾಪ ಎಂದರು. ಎರಡನೆಯ ವಾರ ಅವನ ನಾಲಿಗೆಗೆ ಕಾಲು ಬಂತು. ಚಹಾ ತಣ್ಣಗಾಗಿದೆ, ದಿಂಬು ಗಟ್ಟಿಯಾಗಿದೆ, ತನ್ನ ಮಗಳು ಬೇಯಿಸಿದ ಆಲೂಗಡ್ಡೆಗೆ ಉಪ್ಪಿಲ್ಲ. ಕಾಲೇಜಿಗೆ ಹೋಗುವ ಮಗಳೂ ಸುಮ್ಮನಿರುವವಳಲ್ಲ. "ಅಪ್ಪಾ, ಉಪ್ಪು ಡಬ್ಬಿ ಅಲ್ಲೇ ಇದೆ, ಕೈಗೇನೂ ಪ್ಲಾಸ್ಟರ್ ಹಾಕಿಲ್ವಲ್ಲ," ಎನ್ನುತ್ತಿದ್ದಳು.

ಇದೆಲ್ಲದರ ನಡುವೆ ಫೋನು ಬಡಿದುಕೊಳ್ಳುತ್ತಿತ್ತು. ಹಳೆಯ ಗಿರಾಕಿಗಳು, ಯಾವಾಗ ಬರುತ್ತೀರಿ ಎಂದು ಕೇಳುವವರು. ಒಂದು ದಿನ ರಾತ್ರಿ ಊಟಕ್ಕೆ ಕೂತಾಗ ಬಂದ ಫೋನನ್ನು ಅವನ ಹೆಂಡತಿ, ಅಜ್ಜಿಯ ಸೊಸೆ, ಎತ್ತಿದಳು. ಹೊಸಬರು, ಮಗ ಬೀಳುವ ಮುಂಚೆ ಬರುತ್ತೇನೆಂದು ಮಾತು ಕೊಟ್ಟಿದ್ದ ಮನೆ. ಸೊಸೆ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಬುಧವಾರ ಬೆಳಿಗ್ಗೆ ಬರ್ತೀವಿ," ಎಂದು ಇಟ್ಟಳು.

"ಯಾರು ಬರೋದು?" ಎಂದ ಮಗ.

"ನಾನು."

ಮಗನ ಕೈಯ ತುತ್ತು ತಟ್ಟೆಗೆ ಬಿತ್ತು. "ನೀನಾ? ಏಣಿ ಹತ್ತಿದ್ದೀಯಾ ಯಾವತ್ತಾದ್ರೂ?"

"ಇಲ್ಲ. ನೀವೇನು ಹುಟ್ಟಿದಾಗಿನಿಂದ ಹತ್ತುತ್ತಿದ್ರಾ?"

ಮೊಮ್ಮಗಳು ಕಿಸಕ್ಕೆಂದಳು. ಅಜ್ಜಿಗೆ ಮಾತ್ರ ನಗು ಬರಲಿಲ್ಲ. ಸೊಸೆ ಒಳ್ಳೆಯವಳೇ, ಆದರೆ ನಿಧಾನ ಅಂದರೆ ನಿಧಾನ. ಮದುವೆಯಾಗಿ ಬಂದ ವರ್ಷವೇ ಅಜ್ಜಿ ಅವಳಿಗೆ ಬಸವನಹುಳು ಎಂದು ಹೆಸರಿಟ್ಟಿದ್ದಳು. "ನೀನು ಒಂದು ಪಾತ್ರೆ ಬೆಳಗೋ ಹೊತ್ತಿಗೆ ನಾನು ಒಂದು ವಾರ್ಡಿನ ಚಾದರ ಮುಗಿಸ್ತಿದ್ದೆ ಕಣೇ. ಒಂದು ಮನೆ ಕಿಟಕಿ ಅಂತ ಹೋದ್ರೆ ನೀನು ವಾಪಸ್ ಬರೋದು ಬರೋ ವರ್ಷ," ಎಂದಳು.

"ಕೂತು ತಿಂದ್ರೆ ಕುಡಿಕೆ ಹೊನ್ನೂ ಸಾಲಲ್ಲ ಅಂತ ನೀವೇ ಹೇಳ್ತೀರಲ್ಲ ಅತ್ತೆ," ಎಂದು ಸೊಸೆ ತಟ್ಟೆ ಎತ್ತಿಕೊಂಡು ಎದ್ದಳು. ಅವಳ ಜಗಳವೂ ಹಾಗೆಯೇ, ದನಿ ಏರದೆ ಮುಗಿದು ಹೋಗುತ್ತಿತ್ತು. ಜಗಳವಾಡಲು ಎದುರಿಗೆ ಯಾರೂ ಸಿಗದೆ ಮಗ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ.

ಬುಧವಾರ ಸೊಸೆ ಬಕೆಟ್ಟು, ಬಟ್ಟೆ, ಸೋಪು, ಗಂಡ ಗಾಜು ಕೆರೆಯುವ ಬ್ಲೇಡು, ನೀರು ಎಳೆಯುವ ರಬ್ಬರು ಪಟ್ಟಿ ಎಲ್ಲ ಕಟ್ಟಿಕೊಂಡು, ಏಣಿಯನ್ನು ಪಕ್ಕದ ಮನೆಯವನ ಆಟೋದ ತಲೆಯ ಮೇಲೆ ಹೇರಿಸಿ ಹೋದಳು. ಹಿಂದಿರುಗಿದಾಗ ಸಂಜೆ. ಮೊಣಕೈವರೆಗೆ ಕೆಸರು, ಸೆರಗಿಗೆ ಕೆಸರು, ಕೂದಲಿಗೂ ಕೆಸರು.

"ಕಿಟಕಿ ತೊಳೆಯೋಕೆ ಹೋಗಿದ್ಯೋ, ಗದ್ದೆ ನಾಟಿಗೆ ಹೋಗಿದ್ಯೋ?" ಎಂದಳು ಅಜ್ಜಿ.

ಸೊಸೆ ಹೊಸಿಲ ಬಳಿಯೇ ಕೂತು ಹೇಳಿದಳು. ಅದು ಗಡಿಯಾರ ರಿಪೇರಿ ಮಾಡುವವರ ಮನೆ. ಗಂಡ ಹೆಂಡತಿ ಇಬ್ಬರೇ, ವಯಸ್ಸಾದವರು. ಎದುರಿಗೇ ಕಲ್ಲು ಕೊಯ್ಯುವ ಶೆಡ್ಡು. ವರ್ಷಗಟ್ಟಲೆ ಹಾರಿದ ಕಲ್ಲಿನ ಪುಡಿ ಗಾಜಿನ ಮೇಲೆ ಕೂತು, ಇಬ್ಬನಿಗೆ ನೆನೆದು, ಒಣಗಿ, ಮತ್ತೆ ನೆನೆದು, ಚರ್ಮದ ಹಾಗೆ ಗಟ್ಟಿಯಾಗಿದೆ. ಒಳಗಿನಿಂದ ಅಡುಗೆಯ ಜಿಡ್ಡು. "ಮೊದಲು ನೋಡಿದಾಗ ಗಾಜಿಗೆ ಬಣ್ಣ ಬಳಿದಿದ್ದಾರೆ ಅಂದ್ಕೊಂಡೆ ಅತ್ತೆ. ಒಳಗೆ ಹಾಡುಹಗಲೇ ಮುಸ್ಸಂಜೆ."

"ಆಮೇಲೆ?"

"ಬಕೆಟ್ ನೀರು ಎರಚಿದೆ. ಆ ಪುಡಿ ಎಲ್ಲ ಕರಗಿ ಕೆಸರಾಗಿ ಗೋಡೆ ಮೇಲೆಲ್ಲ ಇಳಿದುಬಿಡ್ತು. ಒರೆಸಿದಷ್ಟೂ ಮೆತ್ತಿಕೊಳ್ತು. ಒಂದು ಕಿಟಕೀನೂ ಸರಿಯಾಗಿ ಆಗಲಿಲ್ಲ."

ಒಳಗಿನಿಂದ ಮಗ ಜೋರಾಗಿ ನಕ್ಕ. "ಕೈ ಕೆಸರಾಯ್ತು, ಬಾಯಿ ಮೊಸರಾಗಲಿಲ್ಲ! ನಾನು ಹೇಳಲಿಲ್ವಾ?"

ಅಜ್ಜಿ ಅತ್ತ ಗಮನ ಕೊಡಲಿಲ್ಲ. "ಕೆಸರಾದ ಗೋಡೆ ಹಾಗೇ ಬಿಟ್ಟು ಬಂದ್ಯಾ?"

"ಇಲ್ಲ ಅತ್ತೆ, ಇಷ್ಟು ಹೊತ್ತು ಅದನ್ನೇ ತೊಳೀತಿದ್ದೆ. ನಾನು ಮಾಡಿದ ಕೊಳೆ ಅಲ್ವಾ? ಗೋಡೆ ಮೊದಲಿಗಿಂತ ಚೆನ್ನಾಗಿ ಆಯ್ತು. ಶುಕ್ರವಾರ ಮತ್ತೆ ಬರ್ತೀನಿ ಅಂತ ಹೇಳಿ ಬಂದಿದ್ದೀನಿ."

ಅಜ್ಜಿ ಸೊಸೆಯ ಮುಖವನ್ನೇ ನೋಡಿದಳು. ಅಳು ಇರಲಿಲ್ಲ, ನೆಪ ಇರಲಿಲ್ಲ. ಲಾಂಡ್ರಿಯಲ್ಲಿ ಎಷ್ಟೋ ಹುಡುಗಿಯರನ್ನು ಆಕೆ ಪಳಗಿಸಿದ್ದಳು. ಚಾದರ ಸುಟ್ಟರೆ ಮಡಿಚಿ ಕೆಳಗೆ ತುರುಕುವವರೇ ಹೆಚ್ಚು, ಎದುರಿಗೆ ಹಿಡಿದು ತೋರಿಸುವವರು ಕಡಿಮೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಇವಳು ಯಾವ ಗುಂಪಿನವಳು ಎಂದು ತಾನು ನೋಡಿಯೇ ಇರಲಿಲ್ಲವಲ್ಲ ಅನ್ನಿಸಿತು.

"ಹೋಗು, ಸ್ನಾನ ಮಾಡು. ಬಿಸಿನೀರು ಇದೆ," ಎಂದಳು. ಆಮೇಲೆ ಮಗನ ಮಂಚದ ಬಳಿ ಹೋದಳು. "ಅದು ಹೇಗೆ ಮಾಡ್ಬೇಕು ಅಂತ ಅವಳಿಗೆ ಹೇಳಿಕೊಡೋ."

"ಹೇಳಲ್ಲ. ಹೇಳಿದ್ರೆ ಮತ್ತೆ ಹತ್ತುತ್ತಾಳೆ. ಬಿದ್ದು ಗಿದ್ದು ಇಬ್ಬರೂ ಮಂಚ ಹಿಡಿದ್ರೆ ಗಂಜಿ ಕಾಯಿಸೋರು ಯಾರು?"

"ಅವಳು ಬೀಳ್ತಾಳೆ ಅಂತ ಭಯಾನೋ, ಬೀಳದೆ ಇದ್ರೆ ಅಂತ ಭಯಾನೋ?"

ಮಗ ಚಾದರ ಎಳೆದು ಮುಖ ಮುಚ್ಚಿಕೊಂಡ. ಅಜ್ಜಿ ಒತ್ತಾಯಿಸಲಿಲ್ಲ. ಹಟಮಾರಿ ಬಟ್ಟೆಗೆ ನೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಡಬೇಕು ಎಂಬುದು ಆಕೆಗೆ ಗೊತ್ತಿತ್ತು.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಬೇಕೆಂದೇ ದೊಡ್ಡ ದನಿಯಲ್ಲಿ, "ನಮ್ಮ ಅಡುಗೆಮನೆ ಕಿಟಕಿ ನೋಡೇ, ಥೂ! ಊರಿಗೆಲ್ಲ ಗಾಜು ಬೆಳಗೋನ ಮನೇಲಿ ಈ ಗತಿ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಇದೇ," ಎಂದಳು. ಸುಳ್ಳೇನಲ್ಲ. ಮಂಚದಿಂದ ನೇರ ಕಾಣುತ್ತಿದ್ದ ಆ ಕಿಟಕಿಯ ಮೇಲೆ ಒಗ್ಗರಣೆಯ ಜಿಡ್ಡು ಹಳದಿಗಟ್ಟಿತ್ತು. "ಬಾರೇ, ಒರೆಸಿಬಿಡೋಣ," ಎಂದು ಅಜ್ಜಿ ಚೊಂಬಿನಲ್ಲಿ ನೀರು ತಂದು ಗಾಜಿಗೆ ಎರಚಲು ಕೈ ಎತ್ತಿದಳು.

"ಅಯ್ಯೋ, ನೀರು ಹಾಕ್ಬೇಡಮ್ಮಾ!" ಮಗ ಮಂಚದಿಂದಲೇ ಕೂಗಿದ. "ಮೊದಲು ಒಣ ಬ್ರಷ್ಷು! ಒಣಗಿದ್ದಾಗಲೇ ಧೂಳು ಕೆಡವಬೇಕು. ಚೌಕಟ್ಟು ಮೊದಲು, ಗಾಜು ಆಮೇಲೆ."

ಅಜ್ಜಿ ಸೊಸೆಗೆ ಕಣ್ಣು ಮಿಟುಕಿಸಿದಳು. ಸೊಸೆ ಬ್ರಷ್ಷು ತಂದಳು.

"ಮೇಲಿನಿಂದ ಕೆಳಗೆ ಬಾ. ಹೂಂ. ಈಗ ಸೋಪಿನ ನೀರು. ಹಚ್ಚಿ ಸುಮ್ಮನೆ ಬಿಡು. ಬಿಡೇ ಅಂದ್ರೆ! ಕೊಳೆ ತಾನಾಗೇ ನೆನೀಬೇಕು. ಈಗ ಬ್ಲೇಡು. ಗಾಜು ಒದ್ದೆ ಇದ್ದಾಗ ಮಾತ್ರ, ಓರೆ ಹಿಡಿದು, ಒಂದೇ ಕಡೆಗೆ ತಳ್ಳು. ಹಿಂದಕ್ಕೆ ಎಳೆದ್ಯೋ, ಗೀರು ಬಿತ್ತು ಅಂತಲೇ ಲೆಕ್ಕ."

ಕೊನೆಗೆ ರಬ್ಬರು ಪಟ್ಟಿ ಎಳೆಯುವುದನ್ನು ಹೇಳುವಾಗ ಅವನು ಹಾಸಿಗೆಯ ಮೇಲೆ ಎದ್ದು ಕೂತು ಗಾಳಿಯಲ್ಲೇ ಕೈ ಆಡಿಸುತ್ತಿದ್ದ. ಒಂದೊಂದು ಎಳೆತಕ್ಕೂ ರಬ್ಬರು ಒರೆಸಿಕೊಳ್ಳಬೇಕು. ಬಿಸಿಲು ನೇರ ಬೀಳುವಾಗ ಕೆಲಸ ಮಾಡಬಾರದು. ನೀರು ಕಪ್ಪಾದ ಕೂಡಲೇ ಬದಲಾಯಿಸಬೇಕು, ಜಿಪುಣತನ ಕೂಡದು. ಸೊಸೆ ಒಂದೊಂದನ್ನೂ ತನ್ನದೇ ನಿಧಾನದಲ್ಲಿ ಮಾಡಿದಳು. ಮುಗಿದಾಗ ಹಿತ್ತಲಿನ ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆಗಳು ಅಡುಗೆಮನೆಯೊಳಗೇ ಇವೆಯೇನೋ ಅನ್ನಿಸುವಂತೆ ಕಂಡವು.

ಆಗ ಮಗನಿಗೆ ಹೊಳೆಯಿತು. "ಅಮ್ಮಾ, ನನ್ನನ್ನ ಮಂಗ ಮಾಡಿದ್ರಲ್ಲ ಇಬ್ಬರೂ!"

"ಮಂಗ ಅಲ್ಲ ಕಣೋ, ಮೇಷ್ಟ್ರು ಮಾಡಿದ್ದು," ಎಂದಳು ಅಜ್ಜಿ.

ಶುಕ್ರವಾರ ಅಜ್ಜಿಯೂ ಹೊರಟಳು. "ಏಣಿ ಹಿಡಿಯೋಕೆ ಒಬ್ಬರು ಬೇಕಲ್ಲ. ಮನೇಲಿ ಕೂತ್ರೆ ನಿನ್ನ ಗಂಡನ ಗೊಣಗಾಟ ಕೇಳ್ಬೇಕು."

ಗಡಿಯಾರದವರ ಮನೆ ನೋಡಿದ ಮೇಲೆ ಸೊಸೆ ಹೇಳಿದ್ದು ಕಡಿಮೆಯೇ ಆಯಿತು ಅನ್ನಿಸಿತು ಅಜ್ಜಿಗೆ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಗೋಡೆಗಿಂತ ಕಿಟಕಿಯೇ ಜಾಸ್ತಿ, ಆದರೆ ಒಂದರಿಂದಲೂ ಬೀದಿ ಕಾಣದು. ಕಿಟಕಿಯ ಪಕ್ಕದ ಮೇಜಿನ ಮೇಲೆ ಸಣ್ಣ ಸಣ್ಣ ಚಿಮಟಗಳು, ಸ್ಕ್ರೂಡ್ರೈವರುಗಳು. ಯಜಮಾನರು ಅವನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ತುಂಬುತ್ತಿದ್ದರು.

"ಎಲ್ಲಿಗಾದ್ರೂ ಹೊರಟಿದ್ದೀರಾ?" ಎಂದಳು ಅಜ್ಜಿ.

"ಇಲ್ಲಮ್ಮ, ಕೆಲಸ ನಿಲ್ಲಿಸ್ತಾ ಇದ್ದೀನಿ. ಕಣ್ಣು ಹೋಯ್ತು. ಮೂರು ಸಲ ಕನ್ನಡಕ ಬದಲಾಯಿಸಿದೆ, ಮುಳ್ಳು ಯಾವುದು ಕೂದಲು ಯಾವುದು ಗೊತ್ತಾಗ್ತಿಲ್ಲ. ದೀಪ ಹಾಕ್ಕೊಂಡ್ರೆ ಉಕ್ಕು ಹೊಳೆದು ಕಣ್ಣಿಗೆ ಚುಚ್ಚುತ್ತೆ. ಈ ಕೋಣೆ ಒಬ್ಬ ದರ್ಜಿಗೆ ಬಾಡಿಗೆಗೆ ಕೊಡ್ತಾ ಇದ್ದೀವಿ. ಕಿಟಕಿ ತೊಳೆಸಿದ್ರೆ ಮಾತ್ರ ಬರ್ತೀನಿ ಅಂದಿದ್ದಾನೆ."

ಅವರ ಹೆಂಡತಿ ಬಾಗಿಲ ಬಳಿ ನಿಂತಿದ್ದರು. "ಮೊನ್ನೆ ನೀನು ಹೋದ ಮೇಲೆ ಇವರು, ಆ ಹುಡುಗಿ ಮತ್ತೆ ಬರಲ್ಲ ಅಂದ್ರು," ಎಂದು ಸೊಸೆಗೆ ಹೇಳಿದರು. "ನಾನಂದೆ, ನಮ್ಮ ಗೋಡೆ ತೊಳೆದು ಹೋದವಳು ಬರದೆ ಇರ್ತಾಳಾ ಅಂತ."

ಕೆಲಸ ಶುರುವಾಯಿತು. ಸೊಸೆ ಮೊದಲು ಬ್ರಷ್ಷು ಹಿಡಿದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಚೌಕಟ್ಟಿನ ಮೂಲೆ, ಸರಳುಗಳ ಸಂದು, ಕಿಟಕಿ ಬಾಗಿಲು ಜಾರುವ ಕಾಲುವೆ, ಎಲ್ಲ ಕೆರೆದು ಕೆಡವಿದಳು. ಸತ್ತ ನೊಣ, ಜೇಡರ ಗೂಡು, ಯಾವ ಕಾಲದ್ದೋ ಒಂದು ಗುಬ್ಬಿಯ ಪುಕ್ಕ. ಕಲ್ಲಿನ ಪುಡಿಯನ್ನು ಮೊರದಲ್ಲಿ ಬಾಚಿ ತೆಗೆಯುವಷ್ಟು ಬಿತ್ತು. ಆಮೇಲೆ ಸೋಪಿನ ನೀರು ಹಚ್ಚಿ, ಕೈಕಟ್ಟಿ ನಿಂತಳು.

"ಯಾಕೆ ನಿಂತೆ?" ಅಜ್ಜಿ ಅಭ್ಯಾಸಬಲದಿಂದ ಕೇಳಿದಳು.

"ನೆನೀಲಿ ಅತ್ತೆ."

ಅಜ್ಜಿಗೆ ಕೈ ತುರಿಸುತ್ತಿತ್ತು. ತಾನಾಗಿದ್ದರೆ ಇಷ್ಟು ಹೊತ್ತಿಗೆ ಉಜ್ಜಿ ಉಜ್ಜಿ ಗಾಜಿನ ಪ್ರಾಣ ತೆಗೆದಿರುತ್ತಿದ್ದೆ ಎಂದುಕೊಂಡಳು. ಸೊಸೆ ಬೆರಳ ತುದಿಯಿಂದ ಕೊಳೆಯ ಮೇಲೆ ಒಂದು ಗೆರೆ ಎಳೆದು ನೋಡಿದಳು, ಇನ್ನೂ ಗಟ್ಟಿ. ಮತ್ತೆ ನೀರು ಹಚ್ಚಿದಳು. ಮತ್ತೆ ಕಾದಳು. ಕೊನೆಗೆ ಬ್ಲೇಡನ್ನು ಓರೆಯಾಗಿ ಇಟ್ಟು ಮೆಲ್ಲಗೆ ತಳ್ಳಿದಾಗ, ಬೂದು ಬಣ್ಣದ ಪದರವೊಂದು ಹಾಲಿನ ಕೆನೆಯಂತೆ ಸುರುಳಿ ಸುತ್ತಿ ಎದ್ದು ಬಂತು. ಅದರ ಹಿಂದೆ ಒಂದು ಪಟ್ಟಿ ಬೆಳಕು ಒಳಗೆ ಬಿತ್ತು.

ನೆಲದ ಮಟ್ಟದ ಗಾಜು ಮುಗಿಸಿ ಏಣಿ ಇಟ್ಟರು. ಅಜ್ಜಿ ಬುಡದಲ್ಲಿ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದಳು. ಸೊಸೆ ಹತ್ತಿದಳು. ತಲೆಯ ಮೇಲಿನಿಂದ ಬ್ಲೇಡಿನ ಸರಸರ ಸದ್ದು, ಆಗಾಗ ಒಂದು ಹನಿ ಸೋಪಿನ ನೀರು. ಅಜ್ಜಿ ಕತ್ತೆತ್ತಿ ನೋಡುತ್ತಲೇ ಇದ್ದಳು. ಎಷ್ಟು ನಿಧಾನ! ಆದರೆ ಒಂದು ಸಲ ಕೈ ಹೋದ ಕಡೆ ಮತ್ತೆ ಕೈ ಹೋಗುತ್ತಿರಲಿಲ್ಲ. ಎಳೆದ ಗೆರೆಯ ಪಕ್ಕಕ್ಕೇ ಇನ್ನೊಂದು ಗೆರೆ, ನಡುವೆ ಕೂದಲೆಳೆಯಷ್ಟೂ ಉಳಿಯುತ್ತಿರಲಿಲ್ಲ. ಇದು ಬಸವನಹುಳುವಿನ ನಡಿಗೆಯಲ್ಲ, ಕಸೂತಿಯವರ ಕೈ ಎಂದು ಅಜ್ಜಿಗೆ ಅನ್ನಿಸಿತು. ಹೊಟ್ಟೆಪಾಡಿಗೆ ಓಡಿ ಓಡಿ ಕೆಲಸ ಮಾಡಿ ತನಗೆ ಓಟವೊಂದೇ ಕೆಲಸವಾಗಿ ಕಂಡಿತ್ತು.

ಬಿಸಿಲು ನೇರ ಬಿದ್ದಾಗ ಕೆಲಸ ನಿಲ್ಲಿಸಿ, ಗಡಿಯಾರದವರ ಹೆಂಡತಿ ಕೊಟ್ಟ ಬ್ರೆಡ್ಡು ಚಹಾ ತೆಗೆದುಕೊಂಡು, ಒಳಗಿನ ಜಿಡ್ಡಿಗೆ ಕೈ ಹಾಕಿದರು. ನೆರಳು ತಿರುಗಿದ ಮೇಲೆ ಮತ್ತೆ ಹೊರಗೆ. ಎಷ್ಟು ಸಲ ನೀರು ಬದಲಾಯಿಸಿದರೋ. ಕೊನೆಯ ಗಾಜಿನ ಮೇಲೆ ರಬ್ಬರು ಪಟ್ಟಿ ಎಳೆದು ಸೊಸೆ ಕೆಳಗಿಳಿದಾಗ, ಒಳಗಿನಿಂದ ಯಜಮಾನರ ದನಿ ಕೇಳಿತು.

"ಇಲ್ಲಿ ಬಾರೇ! ಬೇಗ ಬಾ!"

ಏನಾಯಿತೋ ಎಂದು ಅಜ್ಜಿ, ಸೊಸೆ, ಅವರ ಹೆಂಡತಿ ಮೂವರೂ ಓಡಿದರು. ಯಜಮಾನರು ಕಿಟಕಿಯ ಬಳಿ ಒಂದು ಕೈಗಡಿಯಾರದ ಹೊಟ್ಟೆ ಬಿಚ್ಚಿ ಹಿಡಿದು ಕೂತಿದ್ದರು. "ಹಲ್ಲು ಕಾಣ್ತಿದೆ! ಚಕ್ರದ ಒಂದೊಂದು ಹಲ್ಲೂ ಕಾಣ್ತಿದೆ!"

ಅವರ ಹೆಂಡತಿ ಗಡಿಯಾರ ನೋಡಿದರು, ಕಿಟಕಿ ನೋಡಿದರು. ಆಮೇಲೆ ಹಣೆ ಚಚ್ಚಿಕೊಂಡು ನಗತೊಡಗಿದರು. "ಅಯ್ಯೋ ನಿಮ್ಮ! ಮೂರು ಕನ್ನಡಕ! ಕೊಳೆ ಇದ್ದದ್ದು ಗಾಜಿಗೆ, ಔಷಧಿ ಹಾಕಿಸಿಕೊಂಡಿದ್ದು ಕಣ್ಣಿಗೆ!"

"ನೀನೂ ಇದೇ ಮನೇಲಿದ್ದೆ, ನಿನಗೂ ಗೊತ್ತಾಗಲಿಲ್ಲವಲ್ಲ!"

"ನನಗೂ ವಯಸ್ಸಾಯ್ತು ಅಂದ್ಕೊಂಡಿದ್ದೆ!"

ನಗುನಗುತ್ತಲೇ ಯಜಮಾನರ ಕಣ್ಣು ತುಂಬಿತು. ಅದನ್ನು ಮರೆಮಾಡಲು ಅವರು ಡಬ್ಬಿಯಿಂದ ಚಿಮಟಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಜೋಡಿಸತೊಡಗಿದರು. ಸಂಜೆ ದರ್ಜಿ ಟೇಪು ಹಿಡಿದು ಕೋಣೆ ಅಳೆಯಲು ಬಂದ. "ವಾಹ್, ಏನು ಬೆಳಕು!" ಎಂದ. ಯಜಮಾನರು ತಲೆ ಎತ್ತದೆ, "ಬೆಳಕು ಬಾಡಿಗೆಗಿಲ್ಲಪ್ಪ," ಎಂದರು.

ಆ ಮಾತು ಅಜ್ಜಿಯ ಬಾಯಲ್ಲಿ ಮನೆಗೂ ಬಂತು, ಓಣಿಗೂ ಹೋಯಿತು. ಗಡಿಯಾರ ರಿಪೇರಿಗೆ ಬಂದವರೆಲ್ಲ ಆ ಕಿಟಕಿ ನೋಡಿ ವಿಳಾಸ ಕೇಳಿದರು. ಮುಂದಿನ ವಾರಗಳಲ್ಲಿ ಅತ್ತೆ ಸೊಸೆ ಬೆಳಿಗ್ಗೆ ಗಂಜಿ ಕುಡಿದು ಹೊರಟರೆ ಸಂಜೆಗೇ ಬರುತ್ತಿದ್ದದ್ದು. ಮನೆಯ ಅಡುಗೆ ಮೊಮ್ಮಗಳ ಪಾಲಿಗೆ ಬಂತು. ತರಕಾರಿ ಹೆಚ್ಚುವುದು ಮಂಚದ ಮೇಲಿದ್ದ ಅಪ್ಪನ ಪಾಲಿಗೆ. ಅವನು ಮೊದಮೊದಲು ಈರುಳ್ಳಿಯ ಮೇಲೆ ಸಿಟ್ಟು ತೀರಿಸಿಕೊಂಡ. ಆಮೇಲಾಮೇಲೆ ಊಟದ ಹೊತ್ತಿಗೆ ತಾನೇ ಕೇಳುತ್ತಿದ್ದ. "ಇವತ್ತಿನ ಗಾಜು ಹೇಗಿತ್ತು? ಸುಣ್ಣದ ಕಲೆಗೆ ವಿನಿಗರ್ ಹಾಕಿದ್ಯಾ?"

ಪ್ಲಾಸ್ಟರ್ ಬಿಚ್ಚಿದರು. ಕಾಲು ಬಡಕಲಾಗಿತ್ತು, ಆದರೆ ಕೂಡಿಕೊಂಡಿತ್ತು. ಕೋಲು ಊರಿ, ಆಮೇಲೆ ಕೋಲಿಲ್ಲದೆ ನಡೆಯತೊಡಗಿದ ಮಗ ಒಂದು ಬೆಳಿಗ್ಗೆ, "ಇವತ್ತು ನಾನೂ ಬರ್ತೀನಿ. ಮೇಲಿನದ್ದೆಲ್ಲ ನಾನು ನೋಡ್ಕೋತೀನಿ, ನೀನು ಕೆಳಗೆ ಬಟ್ಟೆ ಹಿಂಡು ಸಾಕು," ಎಂದ. ಸೊಸೆ ಹೂಂ ಎಂದಳು.

ಆ ದಿನ ಹಳೆಯ ಗಿರಾಕಿಯ ಮನೆ. ಮಗ ಏಣಿಯ ಎರಡನೆಯ ಮೆಟ್ಟಿಲು ಹತ್ತಿ ನಿಂತ. ಮೂರನೆಯದಕ್ಕೆ ಕಾಲು ಎತ್ತಿ, ಮತ್ತೆ ಇಳಿಸಿದ. ಇಳಿದು ಬಂದು ಏಣಿಯ ಬುಡ ಒದ್ದು, "ಇದು ಅಲ್ಲಾಡುತ್ತೆ. ನೀವಿಬ್ಬರೂ ಹಾಳು ಮಾಡಿಟ್ಟಿದ್ದೀರಿ," ಎಂದು ಮನೆಗೆ ನಡೆದುಬಿಟ್ಟ.

ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗಳು, "ಅಪ್ಪಾ, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದು ಬಾಯಿ ತೆಗೆದಳು. ಮಗ ತಟ್ಟೆ ತಳ್ಳಿ ಎದ್ದ. ಅಜ್ಜಿ ಮೊಮ್ಮಗಳ ತೊಡೆ ಚಿವುಟಿದಳು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ತನ್ನ ಮಗ, ಅದು ಆಕೆಗೆ ಗೊತ್ತಿತ್ತು. ಆದರೆ ಮೂರನೆಯ ಮೆಟ್ಟಿಲಿಗೆ ಎತ್ತಿದ ಕಾಲನ್ನು ಅವನು ಇಳಿಸಿದ್ದನ್ನೂ ಆಕೆ ನೋಡಿದ್ದಳು. ಸೊಸೆ ಏನಂದಾಳು ಎಂದು ಕಾದಳು. ಸೊಸೆ ಗಂಡನ ತಟ್ಟೆಯನ್ನು ಮುಚ್ಚಿಟ್ಟು, "ಬೇಕರಿಯವರ ಮನೇದು ನಾಡಿದ್ದು ಇದೆ. ಹೊಸ ಗಿರಾಕಿ. ಕೆಳಗಿನ ಅಂಗಡಿ ಗಾಜು ತುಂಬ ದೊಡ್ಡದು, ಅಷ್ಟಗಲ ಒಂದೇ ಎಳೆತಕ್ಕೆ ಎಳೆಯೋದು ನನ್ನ ಕೈಲಿ ಆಗಲ್ಲ. ನೀವು ಬರ್ಲೇಬೇಕು," ಎಂದಳು.

ಅದು ನಿಜವೋ, ಅವನಿಗಾಗಿ ಹೇಳಿದ್ದೋ, ಅಜ್ಜಿಗೆ ಇವತ್ತಿಗೂ ಗೊತ್ತಿಲ್ಲ.

ಬೇಕರಿಯ ಮುಂದಿನ ಗಾಜಿನ ಮೇಲೆ ಬೆಣ್ಣೆಯ ಹೊಗೆ, ಮಕ್ಕಳ ಬೆರಳಿನ ಗುರುತು, ಹರಿದ ಚೀಟಿಗಳ ಅಂಟು. ಮಗ ಅದನ್ನು ನೆನೆಸಿ, ಕೆರೆದು, ಪಟ್ಟಿ ಎಳೆದ ರೀತಿಗೆ ಬೇಕರಿಯವನೇ ಹೊರಗೆ ಬಂದು ನಿಂತ. ಸೊಸೆ ಮಹಡಿಯ ಕಿಟಕಿಗೆ ಏಣಿ ಹತ್ತಿದ್ದಳು. ಅಜ್ಜಿ ಬುಡದಲ್ಲಿದ್ದಳು. ಮಗ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ನಿಂತ. ಸ್ವಲ್ಪ ಹೊತ್ತು ಮೇಲೆ ನೋಡಿದ. ಸೊಸೆ ಇಳಿದು ನೀರು ಬದಲಾಯಿಸುವಾಗ, ತಾಯಿಯ ಎದುರಿಗೇ, ಮೆಲ್ಲಗೆ ಹೇಳಿದ.

"ಏಣಿ ಸರಿಯಾಗೇ ಇದೆ ಕಣೇ. ನನಗೇ ಭಯ ಆಗುತ್ತೆ."

"ನನಗೂ ಆಗುತ್ತೆ," ಎಂದಳು ಸೊಸೆ ಬಕೆಟ್ಟು ತೊಳೆಯುತ್ತ. "ಮೊದಲ ದಿನದಿಂದ. ದಿನಾ."

ಮಗ ಬೆರಗಾಗಿ ನೋಡಿದ. ಅಜ್ಜಿಯೂ. ಇಷ್ಟು ವಾರ ತಲೆ ಎತ್ತಿ ನೋಡಿದ್ದಳು. ಆ ಕೈ ಒಮ್ಮೆಯೂ ಗೆರೆ ತಪ್ಪಿದ್ದು ಕಂಡಿರಲಿಲ್ಲ.

"ಮತ್ತೆ ಹೇಗೆ ಹತ್ತುತ್ತೀಯಾ?"

"ಕೆಳಗೆ ಅತ್ತೆ ಹಿಡ್ಕೊಂಡಿರ್ತಾರಲ್ಲ."

ಇಸ್ತ್ರಿ ಅಜ್ಜಿ ಮತ್ತೆ ಎರಡೂ ಕೈಯಲ್ಲಿ ಏಣಿ ಹಿಡಿದಳು. ಸೊಸೆ ತುಂಬಿದ ಬಕೆಟ್ಟು ಹಿಡಿದು ಮತ್ತೆ ಮೆಟ್ಟಿಲಿಗೆ ಕಾಲಿಟ್ಟಳು. ಅಜ್ಜಿ ಒಂದು ಕೈ ಬಿಟ್ಟು ಮಗನ ಕೈ ಹಿಡಿದೆಳೆದು ಏಣಿಯ ಮೇಲಿಟ್ಟಳು, ಆಮೇಲೆ ಅವನ ಇನ್ನೊಂದು ಕೈಯನ್ನೂ. ಅವನು ಕಾಲು ಅಗಲಿಸಿ ಗಟ್ಟಿಯಾಗಿ ನಿಂತದ್ದನ್ನು ನೋಡಿಯೇ ತಾನು ಪಕ್ಕಕ್ಕೆ ಸರಿದಳು.

"ಬಿಗಿಯಾಗಿ ಹಿಡಿಯೋ. ಮೇಲಿರೋಳು ಅವಸರದವಳಲ್ಲ, ತುಂಬ ಹೊತ್ತು ನಿಲ್ಲಬೇಕಾಗುತ್ತೆ," ಎಂದು ಹೇಳಿ, ಬೇಕರಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಳು.